ಆನಂದಪುರ ದಾಟದ ಎಂಜಿನ್

ಕಳೆದ ಭಾನುವಾರ ಸಾಗರದ ಹತ್ತಿರ ಅಕ್ಕನ ಮನೆಯ ಅಂಗಳದಲ್ಲಿ, ಲಾರಿಗಳ ಬ್ಯಾಟರಿ ಮತ್ತು ವೈರಿಂಗ್ ಕೆಲಸ ಮಾಡುವ ಒಬ್ಬರು ನನ್ನ ಭಾವನಿಗೆ ಹೇಳಿದ ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ. ಅಂಗಳದಲ್ಲಿ ಹಾಕಿದ ಮಾದರಿ ರೈಲಿನ ಹಳಿಯಲ್ಲಿ ವೋಲ್ಟೇಜ್ ಅಳೆಯುತ್ತಿದ್ದ ಭಾವ, ಮೀಟರನ್ನು ಅವರ ಮುಖದೆದುರು ಹಿಡಿದು, "ನೋಡಿ ಮಾರಾಯ್ರೆ, ಹದಿನೆಂಟು ವೋಲ್ಟ್ ಇದೆಯಲ್ಲ, ಮತ್ತೆ ಎಂಜಿನ್ ಯಾಕೆ ನಿಲ್ತದೆ?" ಎಂದು ಕೇಳಿದ್ದರು. ಅವರು ಮೀಟರಿನ ಕಡೆ ಒಮ್ಮೆ ನೋಡಿ, "ಮೀಟ್ರು ಏನನ್ನೂ ಎಳೆಯೋದಿಲ್ಲ ಮಾಸ್ತ್ರೇ, ಬರೀ ನೋಡ್ತದೆ. ಎಳೆಯೋರನ್ನ ಕಟ್ಟಿ ನೋಡ್ಬೇಕು" ಎಂದರು.

ಭಾವ ನಿವೃತ್ತ ಸ್ಟೇಷನ್ ಮಾಸ್ತರ್. ಶಿವಮೊಗ್ಗ–ತಾಳಗುಪ್ಪ ಮಾರ್ಗ ಇನ್ನೂ ಮೀಟರ್ ಗೇಜ್ ಆಗಿದ್ದು, ರೈಲ್ ಬಸ್ ಓಡಾಡುತ್ತಿದ್ದ ಕಾಲದಲ್ಲಿ ಆ ದಾರಿಯ ಸಣ್ಣ ನಿಲ್ದಾಣಗಳಲ್ಲಿ ದುಡಿದವರು. ಮಾರ್ಗ ಬ್ರಾಡ್ ಗೇಜ್ ಆದದ್ದರ ಬಗ್ಗೆ ಅವರಿಗೆ ಸಂತೋಷವೇ ಇದೆ, ಆದರೆ ಹಳೆಯ ಹಳಿಯ ಮೇಲಿನ ಪ್ರೀತಿ ಹೋಗಿಲ್ಲ. ಆದ್ದರಿಂದಲೇ ಮಗ ಹೊರದೇಶದಿಂದ ದೊಡ್ಡ ಅಳತೆಯ ಮಾದರಿ ಎಂಜಿನ್ ಒಂದನ್ನೂ ಹಿತ್ತಾಳೆಯ ಹಳಿಯ ತುಂಡುಗಳನ್ನೂ ತಂದುಕೊಟ್ಟಾಗ ಅವರು ಮೊದಲು ಮಾಡಿದ್ದು ಲೆಕ್ಕ. 1968ರಲ್ಲಿ ಜರ್ಮನಿಯಲ್ಲಿ ಎಲ್‌ಜಿಬಿ ಎಂಬ ಬ್ರ್ಯಾಂಡಿನ ಹೆಸರಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ತೋಟದ ರೈಲುಗಳಲ್ಲಿ ಹಳಿಗಳ ನಡುವಿನ ಅಗಲ 45 ಮಿಲಿಮೀಟರ್, ಮಾದರಿಯ ಪ್ರಮಾಣ 22.5ಕ್ಕೆ 1. ಗುಣಿಸಿದರೆ 1012 ಮಿಲಿಮೀಟರ್ ಚಿಲ್ಲರೆ ಬರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಮೀಟರ್. ತಮ್ಮ ಮೀಟರ್ ಗೇಜ್ ಅಂಗಳಕ್ಕೇ ಬಂದಿದೆ ಎಂದು ಅವರು ಊರೆಲ್ಲ ಹೇಳಿಕೊಂಡು ಬಂದರು. ಜಗಲಿಯ ಮೂಲೆಯಿಂದ ಕೊಟ್ಟಿಗೆಯ ಗೋಡೆಯವರೆಗೆ ಸುಮಾರು 20 ಮೀಟರ್ ಹಳಿ ಹಾಕಿ, ಜಗಲಿಯ ತುದಿಗೆ ಶಿವಮೊಗ್ಗ, ಆಮೇಲೆ ಕುಂಸಿ, ಅರಸಾಳು, ಆನಂದಪುರ, ಸಾಗರ, ಕೊಟ್ಟಿಗೆಯ ತುದಿಗೆ ತಾಳಗುಪ್ಪ ಎಂದು ಹಳದಿ ಹಲಗೆಗಳನ್ನು ನೆಟ್ಟರು. ಹಲಗೆಯ ಮೇಲಿನ ಅಕ್ಷರಗಳನ್ನು ಅವರೇ ಬರೆದರು. ಆ ಕೈಬರಹದಲ್ಲಿ ಇಡೀ ವೃತ್ತಿಜೀವನದ ಅಚ್ಚುಕಟ್ಟು ಕಾಣುತ್ತದೆ.

ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಗಾಡಿ ಮತ್ತೆ ಹೊರಬಂದಾಗ ತೊಂದರೆ ಶುರುವಾಯಿತು. ಶಿವಮೊಗ್ಗದಿಂದ ಚುರುಕಾಗಿ ಹೊರಟ ಎಂಜಿನ್ ಅರಸಾಳಿನ ಬಳಿ ನಿಧಾನಿಸಿ, ಆನಂದಪುರ ದಾಟಿ ಒಂದು ಮಾರು ಹೋಗುವಷ್ಟರಲ್ಲಿ ದೀಪ ಮಂಕಾಗಿ ನಿಂತುಬಿಡುತ್ತಿತ್ತು. ಬೆರಳಿನಿಂದ ತುಸು ತಳ್ಳಿದರೆ ನಾಲ್ಕು ಗೇಣು ಹೋಗಿ ಮತ್ತೆ ನಿಲ್ಲುತ್ತಿತ್ತು. ಬೋಗಿಗಳನ್ನು ಬಿಚ್ಚಿದರೆ ತೆವಳಿಕೊಂಡಾದರೂ ಮುಂದೆ ಹೋಗುತ್ತಿತ್ತು. ಭಾವ ಇದನ್ನೆಲ್ಲ ಒಂದು ಪುಟದ ತುಂಬ ವಿವರವಾಗಿ ಬರೆದು, ದುರಸ್ತಿ ಮಾಡುವವರೊಬ್ಬರಿಗೆ ಎಂಜಿನ್ ಕಳಿಸಿದ್ದರು. ಅದು "ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ" ಎಂಬ ಚೀಟಿಯೊಂದಿಗೆ ವಾಪಸು ಬಂತು. ಫೋನಿನಲ್ಲಿ ಕೇಳಿದರೆ, ಎಂಜಿನ್ನನ್ನು ಮೇಜಿನ ಮೇಲಿಟ್ಟು, ಮೋಟರಿಗೆ ನೇರವಾಗಿ ವಿದ್ಯುತ್ ಕೊಟ್ಟು ನೋಡಿದ್ದಾಗಿ ಹೇಳಿದರು. ಮೋಟರ್ ತಿರುಗಿತ್ತು, ಅಲ್ಲಿಗೆ ಅವರ ಪರೀಕ್ಷೆ ಮುಗಿದಿತ್ತು. "ನಿಮಗೆ ಓಡಿಸುವ ಅಭ್ಯಾಸ ಇರಲಿಕ್ಕಿಲ್ಲ" ಎಂಬ ಮಾತನ್ನೂ ಸೇರಿಸಿದರಂತೆ. ಮೂವತ್ತು ವರ್ಷಕ್ಕೂ ಮೇಲೆ ರೈಲಿನ ಜೊತೆ ಬದುಕಿದ ಮನುಷ್ಯನಿಗೆ ಹಾಗೆ ಹೇಳಿದ್ದು ಅವರಿಗಿಂತ ಹೆಚ್ಚಾಗಿ ನನಗೆ ನೋವು ತಂದಿತು. ಭಾವ ಬರೆದ ಪುಟದಲ್ಲಿ ರೋಗದ ಲಕ್ಷಣಗಳೆಲ್ಲ ಇದ್ದವು: ದೂರ ಹೋದಷ್ಟೂ ನಿಧಾನ, ಭಾರ ಇಳಿಸಿದರೆ ಚೇತರಿಕೆ. ಓದುವ ತಾಳ್ಮೆ ಇದ್ದವನಿಗೆ ಈ ಎರಡು ಸಾಲೇ ಸಾಕಾಗಿತ್ತು.

ಬ್ಯಾಟರಿ ಅಂಗಡಿಯವರು ಬಂದದ್ದು ಅಕ್ಕನ ಮನೆಯ ಇನ್ವರ್ಟರ್ ನೋಡಲು. ಅಂಗಳದಲ್ಲಿ ಭಾವ ಮೀಟರ್ ಹಿಡಿದು ಕುಕ್ಕರುಗಾಲಲ್ಲಿ ಕೂತದ್ದನ್ನು ಕಂಡು ತಾವೂ ಪಕ್ಕದಲ್ಲಿ ಕೂತರು. ಭಾವ ಶುರುವಿನಿಂದ ಕೊನೆಯವರೆಗೆ ಹೇಳುತ್ತಿದ್ದಾಗ ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ. ಆಮೇಲೆಯೇ ಆ ಮಾತು ಹೇಳಿದ್ದು. ಹೇಳಿ, ತಮ್ಮ ಚೀಲದಿಂದ ಲಾರಿಯ ಬ್ರೇಕ್ ಲೈಟಿಗೆ ಹಾಕುವ 24 ವೋಲ್ಟ್ 21 ವಾಟಿನ ಎರಡು ಬಲ್ಬುಗಳನ್ನು ತೆಗೆದು, ಜೊತೆಯಾಗಿ ವೈರ್ ಕಟ್ಟಿ, ಅದರ ಎರಡು ತುದಿಗಳನ್ನು ತಾಳಗುಪ್ಪದಲ್ಲಿ ಎರಡೂ ಹಳಿಗಳಿಗೆ ಕಚ್ಚಿಸಿದರು. ಮೀಟರ್ ಅಲ್ಲೇ ಇತ್ತು. ಅಂಕಿ 18ರಿಂದ 8ಕ್ಕೆ ಬಿತ್ತು. ಬಲ್ಬಿನೊಳಗಿನ ತಂತಿ ಆರುವ ಕೆಂಡದ ಬಣ್ಣಕ್ಕೆ ನಿಂತಿತು. ಅದೇ ಬಲ್ಬುಗಳನ್ನು ಶಿವಮೊಗ್ಗದ ತುದಿಗೆ ತಂದು ಹಚ್ಚಿದಾಗ ಬೆಳಕು ಸ್ವಚ್ಛವಾಗಿ ಬಂತು, ಮೀಟರ್ 18ರ ಹತ್ತಿರವೇ ನಿಂತಿತು.

ಇದರ ಹಿಂದಿನ ಲೆಕ್ಕ ಹೈಸ್ಕೂಲಿನಲ್ಲಿ ಎಲ್ಲರೂ ಕಲಿತ ಓಮನ ನಿಯಮವೇ: ಹರಿಯುವ ವಿದ್ಯುತ್ತನ್ನು ದಾರಿಯ ತಡೆಯಿಂದ ಗುಣಿಸಿದರೆ ಅಲ್ಲಿ ಕಳೆದುಹೋಗುವ ವೋಲ್ಟ್ ಸಿಗುತ್ತದೆ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳತಡೆ ಸುಮಾರು 10 ಮೆಗಾಓಮ್ ಇರುತ್ತದೆ, ಹಾಗಾಗಿ 18 ವೋಲ್ಟನ್ನು ಅಳೆಯುವಾಗ ಅದರ ಮೂಲಕ ಹರಿಯುವ ವಿದ್ಯುತ್ತು ಆಂಪಿಯರಿನ ಹತ್ತು ಲಕ್ಷದ ಎರಡು ಪಾಲಿಗಿಂತ ಕಡಿಮೆ. ಹಳಿಯ ದಾರಿಯಲ್ಲಿ ಎಲ್ಲೋ 5 ಓಮ್ ತಡೆ ಕೂತಿದ್ದರೂ, ಆ ಅತ್ಯಲ್ಪ ಹರಿವಿಗೆ ಅಲ್ಲಿ ಕಳೆದುಹೋಗುವುದು ವೋಲ್ಟಿನ ಲಕ್ಷದಲ್ಲಿ ಒಂದು ಪಾಲೂ ಇಲ್ಲ. ಬೋಗಿಗಳನ್ನು ಕಟ್ಟಿಕೊಂಡು 2 ಆಂಪಿಯರ್ ಬೇಡುವ ಎಂಜಿನ್ ಅದೇ ಹಳಿಯ ಮೇಲೆ ಬಂದು ನಿಂತಾಗ, ಅದೇ 5 ಓಮ್ ತಡೆ 10 ವೋಲ್ಟನ್ನು ನುಂಗಿಬಿಡುತ್ತದೆ. ಮೀಟರ್ ಸುಳ್ಳು ಹೇಳಿರಲಿಲ್ಲ. ಯಾರೂ ಕೆಲಸ ಮಾಡದಿರುವ ಹೊತ್ತಿನ ಸತ್ಯವನ್ನು ಅದು ಹೇಳಿತ್ತು, ಆ ಸತ್ಯದಿಂದ ರೈಲು ಓಡುವುದಿಲ್ಲ.

ಬಲ್ಬು ಉರಿಯುತ್ತಿರುವಾಗಲೇ ಹುಡುಕಾಟ ಸಾಗಿತು. ಹಳಿಯ ಒಂದೊಂದು ತುಂಡು 30 ಸೆಂಟಿಮೀಟರ್ ಉದ್ದದ್ದು. 20 ಮೀಟರಿಗೆ ಎರಡೂ ಸಾಲು ಸೇರಿ 130ರ ಸುಮಾರಿಗೆ ಜೋಡುಗಳಿವೆ, ಪ್ರತಿ ಜೋಡಿಗೂ ಒಂದು ಹಿತ್ತಾಳೆಯ ಫಿಶ್‌ಪ್ಲೇಟ್, ಅಂದರೆ ಎರಡು ತುಂಡುಗಳನ್ನು ಹಿಡಿದು ಕೂಡಿಸುವ ಪಟ್ಟಿ. ಮೀಟರಿನ ಒಂದು ಮೊನೆಯನ್ನು ಜೋಡಿನ ಈಚೆಗೂ ಇನ್ನೊಂದನ್ನು ಆಚೆಗೂ ಇಟ್ಟು ಅವರು ಮುಂದೆ ಮುಂದೆ ಸರಿದರು. ಒಳ್ಳೆಯ ಜೋಡಿನಲ್ಲಿ ಅಂಕಿ ವೋಲ್ಟಿನ ನೂರರಲ್ಲಿ ಒಂದೆರಡು ಪಾಲಿಗಿಂತ ಮೇಲೇಳಲಿಲ್ಲ. ಅರಸಾಳಿನ ಮುಂದಿನ ಒಂದು ಜೋಡಿನಲ್ಲಿ 3 ವೋಲ್ಟ್, ಆನಂದಪುರ ದಾಟಿ ಇನ್ನೊಂದರಲ್ಲಿ 4 ವೋಲ್ಟ್ ತೋರಿತು. ಉಳಿದದ್ದು ಅಲ್ಲಲ್ಲಿ ಚೂರುಚೂರಾಗಿ ಸೋರುತ್ತಿತ್ತು. ಎರಡನೆಯ ಫಿಶ್‌ಪ್ಲೇಟನ್ನು ಎಳೆದು ತೆಗೆದಾಗ ಅದರ ಒಳಮೈಯಲ್ಲಿ ಹಸಿರುಗಪ್ಪು ಕಿಲುಬು ಕಟ್ಟಿತ್ತು, ಅದರ ಮೇಲೆ ಅರಗಿನಂತೆ ಹೊಳೆಯುವ ಕೆಂಪು ಪೊರೆ. ಅಕ್ಕ ಬಗ್ಗಿ ನೋಡಿ, "ಇದು ಚೊಗರು" ಎಂದಳು, ಅಡಿಕೆ ಬೇಯಿಸಿದ ನೀರಿನ ಕೆಂಪು ರಸ. ಕೊಯ್ಲಿನ ಕಾಲ. ಹಂಡೆಯಲ್ಲಿ ಬೇಯಿಸಿದ ಅಡಿಕೆಯನ್ನು ಬುಟ್ಟಿಯಲ್ಲಿ ಹೊತ್ತು ಒಣಹಾಕುವ ಚಪ್ಪರಕ್ಕೆ ಹೋಗುವವರು ಹಳಿ ದಾಟುವುದು ಸರಿಯಾಗಿ ಆ ಜಾಗದಲ್ಲೇ. ಬುಟ್ಟಿಯಿಂದ ತೊಟ್ಟಿಕ್ಕಿದ ಚೊಗರು ಸಂದಿಗೆ ಇಳಿದು ಒಣಗಿತ್ತು. ಒಣಗಿದ ಚೊಗರಿನ ಪೊರೆ ವಾರ್ನಿಷಿನಂತೆಯೇ ಗಟ್ಟಿ, ಅದರ ಮೂಲಕ ವಿದ್ಯುತ್ತು ಹಾಯುವುದಿಲ್ಲ.

ಅಕ್ಕ ದೇವರ ಪಾತ್ರೆ ತೊಳೆಯುವ ಹಾಗೆ ಹಳಿಯ ಮೇಲ್ಮೈಯನ್ನು ಮೊದಲೇ ಹುಣಸೆಹಣ್ಣು ಹಚ್ಚಿ ಉಜ್ಜಿದ್ದಳು, ಅದು ಬಂಗಾರದಂತೆ ಹೊಳೆಯುತ್ತಿತ್ತು. ಹುಣಸೆಯ ಹುಳಿ ಹಿತ್ತಾಳೆಯ ಕಿಲುಬನ್ನು ಕರಗಿಸುವುದು ನಿಜ. ಆದರೆ ಅದು ಫಿಶ್‌ಪ್ಲೇಟಿನ ಒಳಗೆ ಹೋಗಿ ಕೆಲಸ ಮಾಡುವುದಿಲ್ಲ, ಹೋದರೂ ಹುಳಿಯ ಅಂಶವನ್ನು ನೀರಿನಿಂದ ಪೂರ್ತಿ ತೊಳೆದು ಒಣಗಿಸದಿದ್ದರೆ ಸಂದಿಯಲ್ಲಿ ಕಿಲುಬು ಇನ್ನೂ ಬೇಗ ಹುಟ್ಟುತ್ತದೆ. ಹಾಗಾಗಿ ಸಂಶಯದ ಜೋಡುಗಳನ್ನೆಲ್ಲ ಬಿಚ್ಚಿ, ಪಾತ್ರೆ ತಿಕ್ಕುವ ಹಸಿರು ನಾರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದೆವು. ಉಕ್ಕಿನ ನಾರನ್ನು ಮಾತ್ರ ಹತ್ತಿರ ತರಬಾರದು, ಅದರ ಸಣ್ಣ ಚೂರುಗಳನ್ನು ಮೋಟರಿನ ಅಯಸ್ಕಾಂತ ಒಳಗೆಳೆದುಕೊಂಡರೆ ಮೋಟರೇ ಕೆಡುತ್ತದೆ.

ಎಂಜಿನ್ನಿನದೂ ಪಾಲಿತ್ತು. ಟವೆಲಿನ ಮೇಲೆ ಅದನ್ನು ಅಂಗಾತ ಮಲಗಿಸಿ, ಒಂದೊಂದು ಗಾಲಿಯಿಂದ ಮೋಟರಿನ ತಂತಿಯವರೆಗಿನ ದಾರಿಯನ್ನು ಅದೇ ಬಲ್ಬಿನ ಮೂಲಕ ನೋಡಿದೆವು. ಈ ಎಂಜಿನ್ನಿನಲ್ಲಿ ಹಳಿಯ ವಿದ್ಯುತ್ತು ಎರಡು ಬಗೆಯಲ್ಲಿ ಒಳಗೆ ಹೋಗುತ್ತದೆ. ಗಾಲಿಯ ಹಿಂಬದಿಗೆ ಸ್ಪ್ರಿಂಗ್ ಒತ್ತಿ ಹಿಡಿದ ಪುಟ್ಟ ಕಾರ್ಬನ್ ಬ್ರಷ್ ಒಂದು ದಾರಿ, ಗಾಲಿಗಳ ನಡುವೆ ಹಳಿಯ ಮೇಲೆ ಜಾರುತ್ತ ಹೋಗುವ ಶೂ ಇನ್ನೊಂದು. ಹಿಡಿತಕ್ಕೆಂದು ರಬ್ಬರ್ ಪಟ್ಟಿ ಹಾಕಿದ ಗಾಲಿಯಿಂದ ಏನೂ ಬರುವುದಿಲ್ಲ, ಆದ್ದರಿಂದ ಉಳಿದ ಗಾಲಿಗಳ ಜವಾಬ್ದಾರಿ ಹೆಚ್ಚು. ಎಡಗಡೆಯ ಹಿಂದಿನ ಗಾಲಿಯನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸುತ್ತ ಹೋದಾಗ ಬಲ್ಬು ಅರ್ಧ ಸುತ್ತಿನವರೆಗೆ ಚೆನ್ನಾಗಿ ಉರಿದು, ಉಳಿದ ಅರ್ಧದಲ್ಲಿ ಮಂಕಾಗಿ, ಒಂದು ಕಡೆ ಪೂರ್ತಿ ಆರಿತು. ಮತ್ತೆ ತಿರುಗಿಸಿದರೆ ಅದೇ ಜಾಗದಲ್ಲಿ ಮತ್ತೆ ಆರಿತು. ಗಾಲಿಯ ಹಿಂದೆ ಎಣ್ಣೆ ಮತ್ತು ಧೂಳು ಸೇರಿ ಗಾಜಿನಂಥ ಕಪ್ಪು ಲೇಪ ಕೂತಿತ್ತು, ಬ್ರಷ್ ತನ್ನ ಕೊಳವೆಯಲ್ಲಿ ಅಂಟಿಕೊಂಡು ಸ್ಪ್ರಿಂಗಿನ ಒತ್ತಡಕ್ಕೆ ಪೂರ್ತಿ ಓಗೊಡುತ್ತಿರಲಿಲ್ಲ. ದುರಸ್ತಿಯವರು ಮೋಟರಿಗೇ ನೇರವಾಗಿ ವಿದ್ಯುತ್ ಕೊಟ್ಟಿದ್ದರಲ್ಲ, ಗಾಲಿ, ಬ್ರಷ್, ಶೂ ಮೂರನ್ನೂ ಅವರ ಪರೀಕ್ಷೆ ಮುಟ್ಟದೆಯೇ ಹೋಗಿತ್ತು. ದೋಷ ಇದ್ದದ್ದೇ ಆ ಮೂರರ ನಡುವೆ.

ಬ್ರಷ್ ಕಂಡೊಡನೆ ಭಾವನ ಮುಖ ಅರಳಿತು. ದೊಡ್ಡ ವಿದ್ಯುತ್ ಎಂಜಿನ್ನುಗಳಲ್ಲೂ ಮೇಲಿನ ತಂತಿಯಿಂದ ಬಂದ 25,000 ವೋಲ್ಟಿನ ವಿದ್ಯುತ್ತು ಕೆಲಸ ಮುಗಿಸಿ ಗಾಲಿಯ ಮೂಲಕವೇ ಹಳಿಗೆ ಇಳಿಯುತ್ತದೆ, ದಾರಿಯಲ್ಲಿ ಬೇರಿಂಗುಗಳನ್ನು ಸುಡದಿರಲೆಂದು ಅಚ್ಚಿನ ತುದಿಯಲ್ಲಿ ಇಂಥದೇ ಕಾರ್ಬನ್ ಬ್ರಷ್ ಇಟ್ಟಿರುತ್ತಾರೆ ಎಂದು ವಿವರಿಸಿದರು. ಇನ್ನೊಂದು ವಿಷಯವನ್ನೂ ಹೇಳಿದರು. ಹಳಿಯ ಮೇಲೆ ಗಾಡಿ ಇದೆಯೋ ಇಲ್ಲವೋ ಎಂದು ತಿಳಿಯಲು ಎರಡು ಹಳಿಗಳಿಗೆ ಸಣ್ಣ ವಿದ್ಯುತ್ತು ಹರಿಸಿಟ್ಟಿರುವ ಟ್ರ್ಯಾಕ್ ಸರ್ಕ್ಯೂಟ್ ಎಂಬ ಏರ್ಪಾಡಿದೆ, ಗಾಲಿಗಳು ಬಂದು ಎರಡನ್ನೂ ಕೂಡಿಸಿದಾಗ ಗಾಡಿ ಇದೆ ಎಂದು ತಿಳಿಯುತ್ತದೆ. ಬಹಳ ದಿನ ಗಾಡಿ ಓಡದ ಹಳಿಗೆ ತುಕ್ಕು ಹಿಡಿದರೆ ಸಾವಿರಾರು ಟನ್ ತೂಕದ ಗಾಡಿ ಮೇಲೆ ನಿಂತಿದ್ದರೂ ಆ ಸಂಪರ್ಕ ಆಗದೇ ಹೋಗಬಹುದು. ಕಣ್ಣಿಗೂ ಕಾಣದಷ್ಟು ತೆಳುವಾದ ಪೊರೆಯೊಂದು ಅಷ್ಟು ದೊಡ್ಡ ವಸ್ತುವನ್ನು ಇಲ್ಲವಾಗಿಸಬಲ್ಲದು ಎಂಬುದು ನನಗೆ ಹೊಸದು. ಇಷ್ಟು ತಿಳಿದ ಮನುಷ್ಯನಿಗೆ ಓಡಿಸುವ ಅಭ್ಯಾಸ ಸಾಲದು ಎಂದವರ ಬಗ್ಗೆ ನನಗೆ ಮತ್ತೆ ಸಿಟ್ಟು ಬಂತು.

ಸಂಜೆಯ ಹೊತ್ತಿಗೆ ಕೆಟ್ಟ ಜೋಡುಗಳ ಎರಡೂ ಬದಿಗೆ ತಾಮ್ರದ ತುಂಡು ತಂತಿಯನ್ನು ಬೆಸೆದಾಯಿತು. ಮುಂದೆ ಫಿಶ್‌ಪ್ಲೇಟ್ ಕಿಲುಬು ಹಿಡಿದರೂ ದಾರಿ ತಪ್ಪದು. ಜಗಲಿಯಿಂದ ತಾಳಗುಪ್ಪಕ್ಕೆ ಮನೆ ವೈರಿಂಗಿನ 2.5 ಚದರ ಮಿಲಿಮೀಟರ್ ತಂತಿಯನ್ನು ಬೇರೆಯಾಗಿ ಎಳೆದು ಆ ತುದಿಯಿಂದಲೂ ವಿದ್ಯುತ್ ಕೊಟ್ಟೆವು. ಅಂಥ ತಂತಿಯ ತಡೆ ಕಿಲೋಮೀಟರಿಗೆ ಏಳೂವರೆ ಓಮಿನಷ್ಟು ಮಾತ್ರ, ನಮ್ಮ ಅಂಗಳದ ಲೆಕ್ಕದಲ್ಲಿ ಅದು ಗಣನೆಗೇ ಬಾರದು. ಎಂಜಿನ್ ಎಲ್ಲ ಬೋಗಿಗಳನ್ನೂ ಎಳೆದುಕೊಂಡು ಒಂದೇ ವೇಗದಲ್ಲಿ ತಾಳಗುಪ್ಪ ಸೇರಿತು. ಅಂಗಡಿಯವರು ದುಡ್ಡು ಬೇಡವೆಂದರು, ಅಕ್ಕ ಕೊಟ್ಟ ಬಾಳೆಗೊನೆಯನ್ನು ಮಾತ್ರ ಒಯ್ದರು.

ಮನೆಗೆ ಬಂದ ಮೇಲೂ ನನ್ನ ತಲೆಯಲ್ಲಿ ಅವರ ಆ ಮಾತು ತಿರುಗುತ್ತಿದ್ದುದಕ್ಕೆ ಕಾರಣ ನಮ್ಮ ತೋಟದ ಪಂಪು. ಬೇಸಿಗೆಯಲ್ಲಿ ನಮ್ಮ ಕೇರಿಯವರೆಲ್ಲ ಬೆಳಗಿನ ಜಾವ ಪಂಪು ಹಾಕುವ ಹೊತ್ತಿಗೆ ಮೋಟರ್ ಬರೀ ಗುಂಯ್‌ಗುಡುತ್ತದೆ, ಮೈ ಮುಟ್ಟಲಾರದಷ್ಟು ಕಾಯುತ್ತದೆ, ನೀರು ಏರುವುದಿಲ್ಲ. ದೂರು ಕೊಟ್ಟರೆ ಕಚೇರಿಯಿಂದ ಬರುವವರು ಮಧ್ಯಾಹ್ನ ಬರುತ್ತಾರೆ. ಆಗ ಯಾರ ಪಂಪೂ ಓಡುತ್ತಿರುವುದಿಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಮೀಟರ್ 400ರ ಮೇಲೆ ಆರಾಮಾಗಿ ನಿಂತಿರುತ್ತದೆ. "ವೋಲ್ಟೇಜ್ ಇದೆಯಲ್ಲ" ಎಂದು ಬರೆದುಕೊಂಡು ಹೋಗುತ್ತಾರೆ. ಎಂಜಿನ್ನಿನ ಜೊತೆ ಬಂದ ಚೀಟಿಗೂ ಈ ಬರಹಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಕಡೆ ಅಳತೆ ತಪ್ಪಿಲ್ಲ, ಅಳೆದ ಹೊತ್ತು ತಪ್ಪು. ಎರಡೂ ಕಡೆ ಕೊನೆಗೆ ಅನುಮಾನಕ್ಕೆ ಗುರಿಯಾಗುವವನು ದೂರು ಹೇಳಿದವನೇ. ದಿನವೂ ಆ ಮೋಟರಿನ ಪಕ್ಕ ನಿಲ್ಲುವ ರೈತನಿಗೆ, ಆ ಹಳಿಯ ಪಕ್ಕ ಕೂರುವ ಭಾವನಿಗೆ ಗೊತ್ತಿರುವುದನ್ನು ಮೊದಲು ಪೂರ್ತಿ ಕೇಳಿಸಿಕೊಳ್ಳುವುದು ಪರೀಕ್ಷೆಯ ಒಂದು ಭಾಗವೇ ಎಂದು ನಾನು ನಂಬುತ್ತೇನೆ. ಲೈನ್‌ಮನ್‌ಗಳಿಗೆ ಇದು ಗೊತ್ತಿಲ್ಲವೆಂದಲ್ಲ. ಮಳೆಯಲ್ಲಿ ಕಂಬ ಹತ್ತುವ ಅವರ ಕಷ್ಟವನ್ನು ನಾನು ಕಂಡಿದ್ದೇನೆ, ಅವರಲ್ಲಿ ಕೆಲವರು ಇದೇ ಮಾತನ್ನು ನಮ್ಮೆದುರು ಒಪ್ಪಿಕೊಂಡಿದ್ದೂ ಉಂಟು. ಆದರೆ ಭರ್ತಿ ಮಾಡಬೇಕಾದ ಕಾಗದದಲ್ಲಿ, ಅಳೆಯುವಾಗ ಎಷ್ಟು ಪಂಪು ಓಡುತ್ತಿದ್ದವು ಎಂದು ಬರೆಯಲು ಜಾಗವೇ ಇಲ್ಲ.

ಈ ವಾರ ಕೇರಿಯವರ ಜೊತೆ ಮಾತಾಡಿದ್ದೇನೆ. ನೀರು ಹಾಯಿಸುವ ಕಾಲ ಬಂದೊಡನೆ ಒಂದು ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಪಂಪು ಹಾಕುವುದು, ಆ ಹೊತ್ತಿನಲ್ಲೇ ಟ್ರಾನ್ಸ್‌ಫಾರ್ಮರ್ ಬಳಿಯೂ ಸಾಲಿನ ಕಟ್ಟಕಡೆಯ ಪಂಪಿನಲ್ಲೂ ವೋಲ್ಟೇಜ್ ಅಳೆಯಬೇಕೆಂದು ಕಚೇರಿಗೆ ಬರವಣಿಗೆಯಲ್ಲಿ ಕೇಳುವುದು ಎಂದು ಒಪ್ಪಿಗೆಯಾಗಿದೆ. ಅರ್ಜಿಯ ಕರಡು ನನ್ನ ಮೇಜಿನ ಮೇಲಿದೆ. ಪ್ರತಿ ಮೋಟರಿನ ಅಶ್ವಶಕ್ತಿಯನ್ನೂ ಅದರಲ್ಲಿ ಸೇರಿಸಬೇಕೆಂದು ಭಾವ ಫೋನಿನಲ್ಲಿ ಹೇಳಿದ್ದಾರೆ, ಅವನ್ನು ಬರೆದು ತರಲು ನಾಳೆ ಮನೆಮನೆಗೆ ಹೋಗುತ್ತೇನೆ.