ಮಾನಿಟರಿನಲ್ಲಿ ಕಾಣುವ ಶೇಕಡಾವಾರು

ಅಮೆರಿಕದ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸಕ್ಕೆ ಸೇರಿದವರ ಕಿವಿಗೆ ಮೊದಲ ವಾರದಲ್ಲೇ ಬೀಳುವ ಮಾತು ‘ಪ್ರೊಡಕ್ಟಿವಿಟಿ’. ಸಂಬಳ ಪಡೆದ ಹೊತ್ತಿನಲ್ಲಿ ಬಿಲ್ಲಿಗೆ ಸೇರುವ ಚಿಕಿತ್ಸೆ ಎಷ್ಟು ಹೊತ್ತು ನಡೆಯಿತು ಎಂಬುದರ ಶೇಕಡಾವಾರು ಲೆಕ್ಕವಿದು. ಹದಿನೈದು ನಿಮಿಷಕ್ಕೆ ಒಂದು ಯೂನಿಟ್‌ನಂತೆ ಎಂಟು ಗಂಟೆಯ ಪಾಳಿಗೆ 32 ಯೂನಿಟ್‌ಗಳಾಗುತ್ತವೆ. ಗುರಿ ಶೇ 75 ಎಂದಾದರೆ ಆರು ಗಂಟೆ ರೋಗಿಯ ಬಳಿಯೇ ಇರಬೇಕು. ಕಡತ ಓದುವುದು, ನರ್ಸ್ ಜೊತೆ ಮಾತನಾಡುವುದು, ಟಿಪ್ಪಣಿ ಬರೆಯುವುದು, ಎಲ್ಲೋ ಇಟ್ಟ ವಾಕರ್ ಹುಡುಕುವುದು ಇವೆಲ್ಲ ಉಳಿದ ಎರಡು ಗಂಟೆಯಲ್ಲಿ ಮುಗಿಯಬೇಕು.

ಯೂನಿಟ್ಟಿನ ಈ ಪದ್ಧತಿ ಬಂದಿರುವುದು ಬಿಲ್ಲಿಂಗ್‌ನಿಂದ. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, ಹೊರರೋಗಿಗಳ ಚಿಕಿತ್ಸೆಯಲ್ಲಿ 8ರಿಂದ 22 ನಿಮಿಷಕ್ಕೆ ಒಂದು ಯೂನಿಟ್, 23ರಿಂದ 37 ನಿಮಿಷಕ್ಕೆ ಎರಡು ಯೂನಿಟ್ ಎಂದು ಎಣಿಸುತ್ತದೆ. ಆದರೆ ಒಳರೋಗಿಗಳ ವಿಷಯದಲ್ಲಿ 1983ರ ಕಾನೂನಿನ ನಂತರ ಮೆಡಿಕೇರ್ ಕಾಯಿಲೆಯ ವರ್ಗಕ್ಕೆ ತಕ್ಕಂತೆ ಒಂದು ನಿಗದಿತ ಮೊತ್ತವನ್ನು ಮಾತ್ರ ಕೊಡುತ್ತ ಬಂದಿದೆ. ಅಂಥ ರೋಗಿಯೊಡನೆ ನಾನು ಇನ್ನೊಂದು ಯೂನಿಟ್ ಹೆಚ್ಚು ದುಡಿದರೆ ಆಸ್ಪತ್ರೆಗೆ ಒಂದು ಸೆಂಟೂ ಹೆಚ್ಚು ಬರುವುದಿಲ್ಲ. ಹಾಗಿದ್ದರೂ ವಾರ್ಡಿನಲ್ಲಿ ನಮ್ಮನ್ನು ಅಳೆಯುವುದು ಅದೇ ಯೂನಿಟ್ಟಿನಿಂದ. ವಿಭಾಗಕ್ಕೆ ಎಷ್ಟು ಜನ ಬೇಕೆಂದು ನಿರ್ಧರಿಸಲು ಯಾವುದೋ ಒಂದು ಅಂಕಿ ಬೇಕು, ಇದು ಕಂಪ್ಯೂಟರಿನಲ್ಲಿ ತಾನಾಗಿಯೇ ಸಿಗುತ್ತದೆ; ಅಷ್ಟೇ ಕಾರಣವಿದ್ದಂತೆ ತೋರುತ್ತದೆ.

ಸೊಂಟದ ಕೀಲಿನ ಬಳಿ ಮೂಳೆ ಮುರಿದು, ಹಿಂದಿನ ದಿನವಷ್ಟೇ ಶಸ್ತ್ರಚಿಕಿತ್ಸೆಯಾದ ವೃದ್ಧೆಯೊಬ್ಬರನ್ನು ಎಬ್ಬಿಸುವ ಕೆಲಸವನ್ನು ನೋಡಿ. ಹಿಮೋಗ್ಲೋಬಿನ್ ಎಷ್ಟಿದೆ, ಕಾಲಿನ ಮೇಲೆ ಎಷ್ಟು ಭಾರ ಹಾಕಲು ಸರ್ಜನ್ ಒಪ್ಪಿದ್ದಾರೆ ಎಂಬುದನ್ನು ಮೊದಲು ಓದಬೇಕು. ಕೋಣೆಗೆ ಹೋದರೆ, ನೋವಿನ ಮಾತ್ರೆ ಈಗಷ್ಟೇ ಕೊಟ್ಟಿದ್ದೇನೆ, ಅರ್ಧ ಗಂಟೆ ಬಿಟ್ಟು ಬನ್ನಿ ಎಂದು ನರ್ಸ್ ಹೇಳುತ್ತಾರೆ. ಮರಳುವಷ್ಟರಲ್ಲಿ ರೋಗಿ ಸ್ಕ್ಯಾನಿಗೆ ಹೋಗಿರುತ್ತಾರೆ. ಮೂರನೆಯ ಸಲ ಹಾಸಿಗೆಯ ಅಂಚಿಗೆ ತಂದು ಕೂರಿಸಿದಾಗ, ಸೊಂಟಕ್ಕೆ ಬಿಗಿದ ಬೆಲ್ಟನ್ನು ಒಂದು ಕೈಯಲ್ಲಿ ಹಿಡಿದು ಬಿಪಿ ನೋಡಿದರೆ, 128 ಇದ್ದದ್ದು 94ಕ್ಕೆ ಇಳಿದಿದೆ. ಅವರಿಗೆ ಕಣ್ಣು ಕತ್ತಲಿಡುತ್ತಿದೆ. ಮೆಲ್ಲನೆ ಮಲಗಿಸಿ ಡಾಕ್ಟರಿಗೆ ತಿಳಿಸುತ್ತೇವೆ. ಅಂದು ಅವರ ಪಾಲಿಗೆ ಆಗಬೇಕಾದದ್ದು ಅದೇ, ಆದರೆ ಲೆಕ್ಕಕ್ಕೆ ಸಿಕ್ಕಿದ್ದು ಒಂದೇ ಯೂನಿಟ್. ಪಕ್ಕದ ಕೋಣೆಯಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾದ ಗಟ್ಟಿಮುಟ್ಟಿನ ರೋಗಿಯನ್ನು ನಡೆಸಿ ಮೆಟ್ಟಿಲು ಹತ್ತಿಸಿದರೆ ಸಲೀಸಾಗಿ ಎರಡು ಯೂನಿಟ್ ಆಗುತ್ತದೆ. ಸಂಜೆಯ ಹೊತ್ತಿಗೆ ಗುರಿ ಮುಟ್ಟದಿದ್ದಾಗ ಯಾರ ಕೋಣೆಗೆ ಮೊದಲು ಹೋಗಬೇಕೆಂದು ಮನಸ್ಸು ಯೋಚಿಸತೊಡಗುತ್ತದೆ. ಈ ಅಳತೆಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಇದೊಂದೇ, ಆದರೆ ಸಣ್ಣದೇನಲ್ಲ.

ಅಂಕಿಗೆ ತಕ್ಕಂತೆ ಚಿಕಿತ್ಸೆಯೇ ಬಾಗುತ್ತದೆ ಎಂಬುದಕ್ಕೆ ಇಲ್ಲಿನ ನರ್ಸಿಂಗ್ ಹೋಮ್‌ಗಳು ಸಾಕ್ಷಿಯಾಗಿವೆ (ಆಸ್ಪತ್ರೆಯಿಂದ ಹೊರಬಂದ ಹಿರಿಯರು ಚೇತರಿಸಿಕೊಳ್ಳಲು ಕೆಲ ಕಾಲ ಉಳಿಯುವ ಕೇಂದ್ರಗಳಿವು). ಅಲ್ಲಿ 2019ರ ಸೆಪ್ಟೆಂಬರ್‌ವರೆಗೆ ಥೆರಪಿಯ ನಿಮಿಷ ಹೆಚ್ಚಿದಷ್ಟೂ ಮೆಡಿಕೇರ್ ಹಣ ಹೆಚ್ಚುತ್ತಿತ್ತು. ಅತಿ ಹೆಚ್ಚಿನ ವರ್ಗಕ್ಕೆ ವಾರಕ್ಕೆ 720 ನಿಮಿಷ ಬೇಕಿತ್ತು, ಬಹಳಷ್ಟು ರೋಗಿಗಳ ಥೆರಪಿ ಆ ಗಡಿಯನ್ನು ಸ್ವಲ್ಪವೇ ದಾಟಿ ನಿಲ್ಲುತ್ತಿತ್ತು. ಅಕ್ಟೋಬರ್‌ನಿಂದ ರೋಗಿಯ ಸ್ಥಿತಿಯನ್ನು ನೋಡಿ ಹಣ ಕೊಡುವ ಕ್ರಮ ಬಂದದ್ದೇ ತಡ, ನಿಮಿಷಗಳು ಇಳಿದವು, ಅನೇಕ ಥೆರಪಿಸ್ಟರು ಕೆಲಸ ಕಳೆದುಕೊಂಡರು.

ಬದಲಿ ಅಳತೆಗಳು ಇಲ್ಲವೆಂದಲ್ಲ. ‘ಸಿಕ್ಸ್ ಕ್ಲಿಕ್ಸ್’ ಎಂಬುದರಲ್ಲಿ ಹಾಸಿಗೆಯಲ್ಲಿ ಮಗ್ಗುಲಾಗುವುದರಿಂದ ಹಿಡಿದು ಮೂರರಿಂದ ಐದು ಮೆಟ್ಟಿಲು ಹತ್ತುವವರೆಗೆ ಆರು ಚಲನೆಗಳಿಗೆ ಅಂಕ ಕೊಡುತ್ತೇವೆ. ಒಟ್ಟು 6ರಿಂದ 24. ರೋಗಿ ನೇರವಾಗಿ ಮನೆಗೆ ಹೋಗಬಲ್ಲರೇ ಎಂದು ಅಂದಾಜು ಮಾಡಲು ಇದು ಚೆನ್ನಾಗಿ ನೆರವಾಗುತ್ತದೆ. ಆದರೆ ಅಂಕ ಏರಿದ್ದರಲ್ಲಿ ನನ್ನ ಪಾಲೆಷ್ಟು, ರಾತ್ರಿ ಪಾಳಿಯ ನರ್ಸ್ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಆದ್ದರಿಂದ ನಮ್ಮ ವಿಭಾಗದಲ್ಲಿ ಕೈತಪ್ಪಿದ ಭೇಟಿಗಳ ಕಾರಣವನ್ನೂ ದಾಖಲಿಸತೊಡಗಿದ್ದೇವೆ: ಸ್ಕ್ಯಾನ್, ಡಯಾಲಿಸಿಸ್, ನೋವು, ನಿರಾಕರಣೆ. ಡಯಾಲಿಸಿಸ್ ಇರುವ ದಿನ ಆ ರೋಗಿಗಳನ್ನು ಬೆಳಿಗ್ಗೆಯೇ ನೋಡುವ ಏರ್ಪಾಡು ಆಗಿದ್ದು ಈ ದಾಖಲೆಯಿಂದಲೇ. ಶೇಕಡಾವಾರು ಹಾಳೆ ಮಾತ್ರ ಈಗಲೂ ವಾರಕ್ಕೊಮ್ಮೆ ಬರುತ್ತದೆ, ಅದರಲ್ಲಿ ಕಾರಣಗಳಿಗೆ ಇನ್ನೂ ಜಾಗವಿಲ್ಲ.