ಗದ್ದೆ ಕೆಸರು ಹೊತ್ತು ಬೆಂಗಳೂರಿಗೆ

"ಮಾವ, ಮದುವೆಗೆ ಬರುವಾಗ ನಮ್ಮ ಗದ್ದೆ ಕೆಸರು ಒಂದು ಡಬ್ಬಿ ತನ್ನಿ" ಅಂತ ಅಕ್ಕನ ಮಗಳು ಫೋನಿನಲ್ಲಿ ಹೇಳಿದಳು. ಬೆಂಗಳೂರಿನವರು ಎಳನೀರು, ಬೆಲ್ಲ, ಹಸಿ ಅವರೆಕಾಯಿ ಕೇಳಿದ್ದುಂಟು. ಕೆಸರು ಕೇಳಿದ್ದು ಇದೇ ಮೊದಲು.

ಅವಳು ಉತ್ತರ ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದಲ್ಲಿದ್ದಾಳೆ. ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ ಅವಳ ಕೆಲಸ. ಹೋದ ವರ್ಷ ಆಗಸ್ಟಿನಲ್ಲಿ ಉತ್ತರ ಧ್ರುವದ ಕಡೆಗೆ ಹೋಗಿ ಬಂದಿದ್ದಳು. ಅಲ್ಲಿನ ಮಣ್ಣಿಗೂ ಮಂಡ್ಯದ ನಮ್ಮ ಗದ್ದೆಗೂ ಏನು ನಂಟು ಅಂತ ಕೇಳಿದ್ದಕ್ಕೆ, "ಬನ್ನಿ ಮಾವ, ತೋರಿಸುತ್ತೇನೆ" ಅಂದಳು.

ನಾಟಿ ಮಾಡಿ ತಿಂಗಳಾಗಿತ್ತು. ವಿ.ಸಿ. ನಾಲೆ ನೀರು ತುಂಬಿ ನಿಂತಿತ್ತು. ಎರಡು ಬುಡ ಪೈರಿನ ಸಮೇತ ಕೆಸರು ತೆಗೆದು, ಹೊಸದಾಗಿ ಕೊಂಡ ಡಬ್ಬಿಗೆ ತುಂಬಿದೆ. ಒಂದು ಹನಿಯೂ ಸೋರಲ್ಲ ಅಂತ ಅಂಗಡಿಯವನು ಎರಡು ಸಲ ಹೇಳಿದ್ದ. ರೈಲು ರಾಮನಗರ ದಾಟುವಷ್ಟರಲ್ಲಿ ಬ್ಯಾಗಿನ ತಳ ಒದ್ದೆ. ಮದುವೆಗೆಂದು ಇಸ್ತ್ರಿ ಮಾಡಿಸಿದ್ದ ರೇಷ್ಮೆ ಪಂಚೆಯ ಅಂಚಿಗೆಲ್ಲ ಕಪ್ಪು ನೀರು. ಕೊಳೆತ ಮೊಟ್ಟೆಯಂಥ ವಾಸನೆಗೆ ಎದುರಿಗೆ ಕೂತಿದ್ದವರು ಎದ್ದು ಹೋದರು. ಆ ಅಂಗಡಿಯವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಯಾರಾದರೂ ಕೆಸರು ಸಾಗಿಸುವುದಿದ್ದರೆ ತಿರುಪಿನ ಮುಚ್ಚಳದ ಗಾಜಿನ ಬಾಟಲಿಯನ್ನೇ ತೆಗೆದುಕೊಳ್ಳಿ. ಕಂಠದವರೆಗೆ ತುಂಬಿ, ನೀರಿನೊಳಗೇ ಮುಚ್ಚಿ. ಒಳಗೆ ಗಾಳಿ ಉಳಿಯಬಾರದು. ಯಾಕೆ ಅಂತ ನನಗೂ ಆಮೇಲೆ ಗೊತ್ತಾಯಿತು.

ಇನ್ನೊಂದು ಮಾತು. ಮೈಸೂರು ಕಡೆಯಿಂದ ಬರುವವರು ಕೆಂಗೇರಿಯಲ್ಲೇ ಇಳಿದು ನೇರಳೆ ಮೆಟ್ರೋ ಹಿಡಿಯಿರಿ. ಮೆಜೆಸ್ಟಿಕ್‌ನಿಂದ ಬಳ್ಳಾರಿ ರಸ್ತೆಯ ಬಸ್ಸುಗಳು ಬೇಕಾದಷ್ಟಿವೆ. ಅಕ್ಕನ ಮನೆ ಸಹಕಾರನಗರದಲ್ಲಿ. ನಾನು ಹೆಬ್ಬಾಳದ ಹತ್ತಿರ ಆಟೋ ಹತ್ತಿ ಮುಕ್ಕಾಲು ಗಂಟೆ ಮೇಲ್ಸೇತುವೆ ಕೆಳಗೇ ಕಳೆದೆ.

ಮದುವೆ ಬಸವನಗುಡಿಯಲ್ಲಿ. ಚೆನ್ನಾಗಾಯಿತು. ಚಿರೋಟಿಗೆ ಬಾದಾಮಿ ಹಾಲು ಹಾಕಿದ ಕೈ ಯಾರದೋ, ಅವರು ತಣ್ಣಗಿರಲಿ. ಸಂಜೆ ಗಾಂಧಿಬಜಾರಿನಲ್ಲಿ ಒಂದು ಲೋಟ ಕಾಫಿ. ನನಗೆ ಆ ಊರಿನಲ್ಲಿ ಇಷ್ಟವಾಗುವುದು ಈ ಹಳೇ ಬೀದಿಗಳೇ. ಬಳ್ಳಾರಿ ರಸ್ತೆ ಬದಿಯ ಗಾಜಿನ ಕಟ್ಟಡಗಳನ್ನು ನೋಡಿದರೆ ಕಣ್ಣು ಉರಿಯುತ್ತದೆ.

ಮಾರನೇ ದಿನ ಬೆಳಗ್ಗೆ ಒಂಬತ್ತಕ್ಕೆ ಲ್ಯಾಬಿಗೆ ಹೋದೆವು. ಮಧ್ಯಾಹ್ನ ಎರಡಾದರೂ ನನಗೆ ಹೊರಗೆ ಬರುವ ಮನಸ್ಸಿರಲಿಲ್ಲ.

ಅವಳು ಮೊದಲು ನನ್ನ ಡಬ್ಬಿಯಿಂದ ಒಂದು ಪೈರು ಎತ್ತಿ, ಬುಡದ ಹತ್ತಿರ ಬ್ಲೇಡಿನಿಂದ ತೆಳ್ಳಗೆ ಕೊಯ್ದು ಭೂತಗನ್ನಡಿ ಕೆಳಗೆ ಇಟ್ಟಳು. ಮೂವತ್ತು ವರ್ಷ ಭತ್ತ ಬೆಳೆದವನು ನಾನು, ಹೀಗೆ ನೋಡಿರಲಿಲ್ಲ. ಬುಡದ ತುಂಬ ಸಾಲಾಗಿ ತೂತು, ಜೇನುಹಲ್ಲೆಯ ಹಾಗೆ. ಬೇರು ಕೆಸರಿನಲ್ಲಿ ಮುಳುಗಿದ್ದರೂ ಉಸಿರಾಡಲು ಪೈರು ಮಾಡಿಕೊಂಡ ಕೊಳವೆಗಳಂತೆ. ಮೇಲಿನಿಂದ ಗಾಳಿ ಕೆಳಗಿಳಿಯುತ್ತದೆ. ಕೆಸರಿನಲ್ಲಿ ಹುಟ್ಟಿದ ಮೀಥೇನ್ ಅದೇ ದಾರಿಯಲ್ಲಿ ಮೇಲೆ ಬರುತ್ತದೆ. ಗದ್ದೆಯಿಂದ ಹೊರಬೀಳುವ ಮೀಥೇನ್‌ನಲ್ಲಿ ಹೆಚ್ಚಿನ ಪಾಲು ಬರುವುದೇ ಪೈರಿನ ಮೂಲಕ.

"ಮೀಥೇನ್ ಅಂದರೆ ಗೋಬರ್ ಗ್ಯಾಸ್ ತಾನೇ?" ಅಂದೆ.

"ಅದೇ ಮಾವ. ನಿಮ್ಮ ಹಿತ್ತಲಿನ ಗುಂಡಿಯಲ್ಲಿ ಗ್ಯಾಸ್ ಮಾಡುವ ಜೀವಿಗಳ ನೆಂಟರೇ ಇಲ್ಲೂ ಇರುವುದು. ಬ್ಯಾಕ್ಟೀರಿಯಾ ಅಲ್ಲ ಇವು. ಆರ್ಕಿಯಾ ಅಂತ ಬೇರೆಯೇ ಕುಲ. 1977ರಲ್ಲಿ ಕಾರ್ಲ್ ವೋಸ್ ಅನ್ನುವ ವಿಜ್ಞಾನಿ ಬೇರೆ ಅಂತ ತೋರಿಸಿದರು. ಆಮ್ಲಜನಕ ತಗುಲಿದರೆ ಇವುಗಳ ಕೆಲಸ ನಿಂತುಹೋಗುತ್ತದೆ. ಅದಕ್ಕೇ ಕೆಸರು ತರುವಾಗ ಒಳಗೆ ಗಾಳಿ ಉಳಿಯಬಾರದು."

ಕೆಸರನ್ನು ಗಾಜಿನ ಜಾಡಿಗೆ ಹಾಕಿ ಮುಚ್ಚಿದಳು. ಮುಚ್ಚಳದಿಂದ ಎರಡು ಸಣ್ಣ ಕೊಳವೆ ಒಂದು ಪೆಟ್ಟಿಗೆಗೆ ಹೋಗುತ್ತಿದ್ದವು. ಪೆಟ್ಟಿಗೆಯೊಳಗಿನ ಲೇಸರ್ ಬೆಳಕು ಗಾಳಿಯಲ್ಲಿರುವ ಮೀಥೇನನ್ನು ಎಣಿಸುತ್ತದೆ. ಪರದೆಯ ಮೇಲೆ 2.1 ಅಂತ ಇತ್ತು. ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಮೀಥೇನ್ 2.1 ಪಾಲು. ಕಾರ್ಖಾನೆಗಳ ಕಾಲಕ್ಕಿಂತ ಮುಂಚೆ ಇದು ಜಗತ್ತಿನಲ್ಲಿ ಸುಮಾರು 0.7 ಇತ್ತಂತೆ, ಈಗ 1.9ನ್ನು ದಾಟಿದೆ. ನೋಡುತ್ತಿದ್ದಂತೆ 2.6 ಆಯಿತು. ಆಮೇಲೆ 4. ನಾವು ಕಾಫಿ ಕುಡಿದು ಬರುವಷ್ಟರಲ್ಲಿ 9 ದಾಟಿತ್ತು. ನನ್ನ ಗದ್ದೆಯ ಒಂದು ಬೊಗಸೆ ಕೆಸರು!

ಆಮೇಲೆ ತಣ್ಣನೆಯ ಪೆಟ್ಟಿಗೆಯಿಂದ ಎರಡು ಜಾಡಿ ತಂದಳು. ಎರಡೂ ಸ್ವಾಲ್ಬಾರ್ಡ್‌ನವು. ನಾರ್ವೆಗೆ ಸೇರಿದ ದ್ವೀಪಗಳು ಅವು. ಅಲ್ಲಿ ನಿ-ಅಲೆಸುಂಡ್ ಅನ್ನುವ ಪುಟ್ಟ ಊರು, ಸುಮಾರು 79 ಡಿಗ್ರಿ ಉತ್ತರಕ್ಕೆ. 2008ರಲ್ಲಿ ಶುರುವಾದ ನಮ್ಮ ದೇಶದ ಹಿಮಾದ್ರಿ ಕೇಂದ್ರ ಇರುವುದು ಅಲ್ಲೇ. ಹತ್ತಿರದಲ್ಲಿ ರೇಡಿಯೋ ದೂರದರ್ಶಕ ಇರುವುದರಿಂದ ವೈಫೈ, ಬ್ಲೂಟೂತ್ ಹಾಕುವ ಹಾಗಿಲ್ಲ. ಊರಾಚೆ ಹೋದರೆ ಹಿಮಕರಡಿಯ ಭಯಕ್ಕೆ ಬಂದೂಕು ಜೊತೆಗಿರಬೇಕು. ಇವಳು ಅಂಥ ಕಡೆ ಮಂಡಿಯೂರಿ ಮಣ್ಣು ಅಗೆದಿದ್ದಾಳೆ. ಅಕ್ಕನಿಗೆ ಬಂದೂಕಿನ ವಿಷಯ ಇವತ್ತಿಗೂ ಗೊತ್ತಿಲ್ಲ.

ಒಂದು ಜಾಡಿಯಲ್ಲಿ ತಗ್ಗಿನ ಮಣ್ಣು. ಪಾಚಿ, ಕಪ್ಪು ಜವುಗು. ಅಂಥ ತಗ್ಗುಗಳಲ್ಲಿ ಹತ್ತಿಯಂಥ ಬಿಳಿ ತುರಾಯಿಯ ಒಂದು ಹುಲ್ಲು ಬೆಳೆಯುತ್ತದೆ. ಅದರೊಳಗೂ ಭತ್ತದ ಹಾಗೇ ಗಾಳಿ ಕೊಳವೆ. ಆ ಜಾಡಿಯ ಅಂಕಿ ನಿಧಾನವಾಗಿ ಏರಿತು. ಅದು ನನಗೆ ಆಶ್ಚರ್ಯ ಅನಿಸಲಿಲ್ಲ, ನಮ್ಮ ಗದ್ದೆಯದೇ ಕಥೆ ಅಲ್ವಾ?

ಇನ್ನೊಂದರಲ್ಲಿ ದಿಬ್ಬದ ಮಣ್ಣು. ಬೂದು ಬಣ್ಣ, ಅರ್ಧ ಬರೀ ಜಲ್ಲಿ. ಕೈಗವಸು ಹಾಕಿಕೊಂಡು ಒಂದು ಚಿಟಿಕೆ ಅಂಗೈಗೆ ಹಾಕಿಸಿಕೊಂಡೆ. ತಂಪಾಗಿತ್ತು. ವಾಸನೆಯೇ ಇಲ್ಲ. ನಮ್ಮೂರಲ್ಲಾದರೆ ಇಂಥ ನೆಲಕ್ಕೆ ಹುರುಳಿಯನ್ನೂ ಬಿತ್ತುವುದಿಲ್ಲ.

ಜಾಡಿ ಮುಚ್ಚಿದಳು. 2.1. ಐದು ನಿಮಿಷ ಅಷ್ಟೇ ಇತ್ತು. ಆಮೇಲೆ 2.08. ಯಂತ್ರ ಕೆಟ್ಟಿತೇನೋ ಅಂದುಕೊಂಡೆ. 2.05. ಅವಳು ಮಾತಾಡದೆ ನನ್ನ ಮುಖ ನೋಡುತ್ತಿದ್ದಳು. 2.01. ಗಂಟೆಯಾಗುವ ಹೊತ್ತಿಗೆ 1.9.

"ಇಳೀತಿದೆಯಲ್ಲವ್ವ!"

"ತಿಂತಿವೆ ಮಾವ."

ನನಗೆ ಮೈ ಜುಮ್ಮೆಂದಿತು. ಈ ಕೋಣೆಯ ಗಾಳಿಯಲ್ಲಿರುವ, ಇದೆಯೋ ಇಲ್ಲವೋ ಅನ್ನುವಷ್ಟು ಮೀಥೇನನ್ನು ಹುಡುಕಿ ತಿಂದು ಬದುಕುವ ಜೀವಿಗಳು ಆ ಚಿಟಿಕೆ ಜಲ್ಲಿಯಲ್ಲಿವೆ. ಮೀಥೇನನ್ನು ಆಮ್ಲಜನಕದ ಜೊತೆ ಸೇರಿಸಿ ಶಕ್ತಿ ಪಡೆಯುತ್ತವೆ. ನಾವು ಒಲೆಯಲ್ಲಿ ಉರಿಸುವುದನ್ನು ಅವು ಬೆಂಕಿಯಿಲ್ಲದೆ ಮಾಡುತ್ತವೆ. ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ಜಗತ್ತಿನ ಒಣ ಮಣ್ಣೆಲ್ಲ ಸೇರಿ ವರ್ಷಕ್ಕೆ ಸುಮಾರು 3 ಕೋಟಿ ಟನ್ ಮೀಥೇನ್ ನುಂಗುತ್ತದೆ. ತಗ್ಗಿನ ಜವುಗಿನಲ್ಲೂ ತಿನ್ನುವವು ಇವೆಯಂತೆ. ಕೆಳಗೆ ಹುಟ್ಟಿದ್ದರಲ್ಲಿ ಸಾಕಷ್ಟನ್ನು ಮೇಲಿನ ಪದರದಲ್ಲೇ ತಡೆದು ತಿನ್ನುತ್ತವೆ. ಅಂಥದೊಂದು ಬ್ಯಾಕ್ಟೀರಿಯಾಕ್ಕೆ ಸ್ವಾಲ್ಬಾರ್ಡಿನ ಜವುಗಿನಲ್ಲೇ ಸಿಕ್ಕಿದ್ದರಿಂದ 2006ರಲ್ಲಿ 'ಟುಂಡ್ರಿಪಾಲುಡಮ್', ಟುಂಡ್ರಾದ ಜವುಗಿನದು, ಅಂತ ಹೆಸರಿಟ್ಟರು.

"ಹಾಗಾದರೆ ಅಲ್ಲಿನ ಹಿಮದ ನೆಲ ಕರಗಿದರೆ ಈ ಗ್ಯಾಸ್ ಜಾಸ್ತಿ ಬರುತ್ತೋ, ಕಮ್ಮಿ ಆಗುತ್ತೋ?" ಅಂತ ಕೇಳಿದೆ.

ಅವಳು ತಕ್ಷಣ ಉತ್ತರ ಕೊಡಲಿಲ್ಲ. ಕಾಗದ ತೆಗೆದುಕೊಂಡು ಬರೆದು ತೋರಿಸಿದಳು. ಮೇಲೆ ಬೇಸಿಗೆಯಲ್ಲಿ ಕರಗುವ ಪದರ. ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿರುವ ನೆಲ. ಉತ್ತರದ ಅಂಥ ನೆಲದಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಇಂಗಾಲ ಇದೆ, ಗಾಳಿಯಲ್ಲಿ ಇರುವುದರ ಎರಡರಷ್ಟು ಹತ್ತಿರ. ಸಾವಿರಾರು ವರ್ಷದ ಬೇರು, ಎಲೆ, ಪಾಚಿ. ತುಂಬಿಸಿಟ್ಟಿದ್ದರೂ ಕೊಳೆಯದೆ ನಿಂತ ತಿಪ್ಪೆಗುಂಡಿ ಅಂದುಕೊಂಡೆ. ಆ ಕಡೆ ಬಿಸಿ ಏರುತ್ತಿರುವುದು ಜಗತ್ತಿನ ಸರಾಸರಿಗಿಂತ ಸುಮಾರು 4 ಪಟ್ಟು ವೇಗದಲ್ಲಿ.

"ಎಲ್ಲ ನೀರಿನ ಮೇಲೆ ನಿಂತಿದೆ ಮಾವ. ಒಳಗಿನ ಮಂಜುಗಡ್ಡೆ ಕರಗಿ ನೆಲ ಕುಸಿದ ಕಡೆ ನೀರು ನಿಲ್ಲುತ್ತೆ. ಅಲ್ಲಿ ಮಾಡುವವರದ್ದು ಮೇಲುಗೈ. ನೀರು ಬಸಿದುಹೋಗಿ ಒಣಗಿದ ಕಡೆ ತಿನ್ನುವವರದ್ದು. ಹತ್ತು ಹೆಜ್ಜೆ ಅಂತರದಲ್ಲಿ ಎರಡೂ ಇರುತ್ತೆ."

ನೀರಿನ ಮಾತು ನನಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಯಾರ ಗದ್ದೆಗೆ ಎಷ್ಟು ಬಿಡಬೇಕು ಅಂತ ನೋಡಿಕೊಳ್ಳಲು ನೀರುಗಂಟಿ ಇದ್ದಾನೆ. ಅಲ್ಲಿ ಯಾರೂ ಇಲ್ಲ. ಬಿಸಿ ಹೆಚ್ಚಿದರೆ ನೀರು ಎಲ್ಲಿ ನಿಲ್ಲಬೇಕು ಅಂತ ಕರಗುವ ನೆಲವೇ ತೀರ್ಮಾನಿಸುತ್ತದೆ. ಆ ಬಿಸಿಯಲ್ಲಿ ನನ್ನ ಕೆಸರಿನ ಪಾಲೂ ಇದೆ. ಆ ಕಾಗದ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ.

"ನಮ್ಮ ಗದ್ದೆಗೆ ಏನು ಮಾಡಬಹುದು?" ಅಂದೆ.

ನೀರನ್ನು ಒಂದೇ ಸಮ ಕಟ್ಟಿ ನಿಲ್ಲಿಸದೆ, ಒಮ್ಮೆ ಕಟ್ಟಿ ಒಮ್ಮೆ ಆರಲು ಬಿಡುವ ಪದ್ಧತಿ ಹೇಳಿದಳು. ತೂತು ಕೊರೆದ ಪೈಪು ಹೂಳಬೇಕು. ಒಳಗೆ ನೀರು ನೆಲದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ಕಟ್ಟಬೇಕು. ಹೂ ಬರುವ ಹೊತ್ತಿಗೆ ಮಾತ್ರ ಒಣಗಿಸಬಾರದು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳಿಕೊಡುತ್ತಿರುವ ಕ್ರಮ ಇದು. ಮೀಥೇನೂ ಕಮ್ಮಿ, ನೀರೂ ಉಳಿತಾಯ.

ಮೂರನೇ ದಿನ ಲಾಲ್‌ಬಾಗ್ ನೋಡಿದ್ದು, ಅಕ್ಕನಿಗೆ ಸೀರೆ ತೆಗೆದದ್ದು ಇವೆಲ್ಲ ಇದ್ದದ್ದೇ.

ಊರಿಗೆ ಬಂದ ಬೆಳಗ್ಗೆ ನೇರ ಗದ್ದೆಗಿಳಿದೆ. ಕಾಲಿಟ್ಟ ಕಡೆ ಬುಳಬುಳ ಗುಳ್ಳೆ ಎದ್ದವು. ಚಿಕ್ಕಂದಿನಿಂದ ಕಾಲಿಗೆ ತಾಕಿದ ಗುಳ್ಳೆಗಳೇ. ಅಲ್ಲಾಡದೆ ನಿಂತು ಅವು ಒಡೆಯುವುದನ್ನು ನೋಡಿದೆ. ಅಷ್ಟರಲ್ಲಿ ಫೋನು. "ಮಾವ, ರಾತ್ರಿಯೆಲ್ಲ ಬಿಟ್ಟಿದ್ದೆ, ದಿಬ್ಬದ ಜಾಡಿ 1.2ಕ್ಕೆ ಇಳಿದಿದೆ. ಮುಂದಿನ ಸಲ ಬರುವಾಗ ನಿಮ್ಮ ಬದುವಿನ ಒಣಮಣ್ಣೂ ಬೇಕು. ಅದು ತಿನ್ನುತ್ತಾ ನೋಡೋಣ."

ಬದುವಿನ ಮೇಲೆ ಕೂತು, ಹುಲ್ಲು ಸರಿಸಿ, ಎಲ್ಲಿಂದ ತೆಗೆಯಲಿ ಅಂತ ನೋಡತೊಡಗಿದೆ.