ಬಾರೋ, ಒಟ್ಟಿಗೆ ಹೋಗೋಣ

ತಮ್ಮ ಊರಿಂದ ಬಂದಿದ್ದಾನೆ. ಊಟ ಆಗಿದ್ದೇ ತಡ, ಹಳೇ ಗೇಮ್ ಕನ್ಸೋಲ್ ಸೂಪರ್ ನಿಂಟೆಂಡೊ ಹೊರಗೆ ಬಂತು. ಸೀಕ್ರೆಟ್ ಆಫ್ ಮನಾ. 1993ರ ಗೇಮ್, ಸ್ಕ್ವೇರ್ ಕಂಪನಿಯದು.

ಅವನ ಅವಸರ ಹಾಗೇ ಇದೆ. ಕತ್ತಿ ಹಿಡಿದು ಮುಂದೆ ಓಡಿದ. ನಾನು ಹಿಂದೆ ಒಂದು ರಬೈಟ್ (ಗೇಮ್‌ನಲ್ಲಿ ಬರುವ ಮೊಲದಂಥ ಶತ್ರು) ಜೊತೆ ಗುದ್ದಾಡುತ್ತಿದ್ದೆ. ಪರದೆಯ ಅಂಚಿಗೆ ಹೋದವನು ಅಲ್ಲೇ ನಿಲ್ಲಬೇಕಾಯಿತು. ಈ ಗೇಮ್‌ನಲ್ಲಿ ಜೊತೆಗಾರನನ್ನು ಬಿಟ್ಟು ಮುಂದೆ ಹೋಗೋಕಾಗಲ್ಲ. ನಾನು ಹೆಜ್ಜೆ ಹಾಕಿದ ಮೇಲೇ ಪರದೆ ಸರಿಯುವುದು.

"ಬಾರೋ ಅಣ್ಣಾ ಬೇಗ!"

ಚಿಕ್ಕವರಿದ್ದಾಗ ಇದಕ್ಕೇ ಎಷ್ಟು ಜಗಳ! ಇವತ್ತು ಅದೇ ತುಂಬಾ ಇಷ್ಟವಾಯಿತು. ಒಂದು ಏಟು ಹೊಡೆದರೆ ಕೆಳಗಿನ ಅಂಕಿ ಮತ್ತೆ 100% ಮುಟ್ಟುವವರೆಗೆ ತಡೆಯಬೇಕು, ಇಲ್ಲವೆಂದರೆ ಏಟಿಗೆ ಬಲವಿಲ್ಲ. ಮಂತ್ರ ಹುಡುಕಲು ಒಬ್ಬರು ರಿಂಗ್ ಮೆನು (ಪಾತ್ರದ ಸುತ್ತ ಉಂಗುರದಂತೆ ಮೂಡುವ ಆಯ್ಕೆಗಳು) ತೆರೆದರೆ ಎಲ್ಲರಿಗೂ ಆಟ ನಿಲ್ಲುತ್ತದೆ. ಬೇರೆ ಬೇರೆ ಊರಲ್ಲಿ ಕೂತು ಆನ್‌ಲೈನ್‌ನಲ್ಲಿ ಆಡುವಾಗ ನಾವಿಬ್ಬರೂ ಇಷ್ಟು ಕಾಯುವುದೇ ಇಲ್ಲ ಅಲ್ವಾ ಅನ್ನಿಸಿತು.

ಈ ಗೇಮ್‌ಗೆ ಹಿರೋಕಿ ಕಿಕುತಾ ಅವರು ಮಾಡಿದ ಸಂಗೀತಕ್ಕಂತೂ ಈಗಲೂ ಮೈ ಜುಮ್ ಅನ್ನುತ್ತದೆ.

ನಾಳೆ ಅಕ್ಕನೂ ಬರುತ್ತಾಳೆ. ಹೆಚ್ಚು ಕಂಟ್ರೋಲರ್ ಜೋಡಿಸುವ ಮಲ್ಟಿಟ್ಯಾಪ್ ಅನ್ನೋ ಸಾಧನ ಇದ್ದರೆ ಮೂವರೂ ಆಡಬಹುದು. ಯಾರ ಹತ್ತಿರವಾದರೂ ಇದ್ದರೆ ಹೇಳಿ, ಬಂದು ತಗೊಂಡು ಹೋಗುತ್ತೇನೆ.